ಹತ್ತೊಂಬತ್ತು ಬೀಸುವ ಪದ

ಮಲಕಪ್ಪನವರಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ ಹೆಚ್ಚು. ಇಂಡಿ ಕಡೆಯವರು, ಧನಕವಡಿಯಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ. ಗಿರಾಕಿಯ ಮಾತು ಮುಗಿಯುವ ಮೊದಲೇ ಯಂತ್ರಕ್ಕೆ ಕಿವಿ ಹಚ್ಚಿ ರೋಗ ಹೇಳುತ್ತಾರೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಮೈಸೂರಿನ ಸಾಫ್ಟ್‌ವೇರಿನವನು ನಾನು. ಕರೆಯದಿದ್ದರೂ ಇಳಿದು ಹೋಗಿ ಬುದ್ಧಿ ಹೇಳುವುದು ನನ್ನ ಚಾಳಿ.

ಆ ಭಾನುವಾರ ನೆರೆಯ ಸುಲಭಕ್ಕ ತಮ್ಮ ಹಳೆಯ ಕಂಪ್ಯೂಟರನ್ನು ರಿಕ್ಷಾದಲ್ಲಿ ತಂದಿದ್ದರು. ಚಾಲು ಮಾಡಿದರೆ ಡಿಸ್ಕು ಕಟಕಟ ಎನ್ನುತ್ತಿತ್ತು. ಅದರೊಳಗೆ, ತೀರಿಹೋದ ತಾಯಿ ಸಾವಂತ್ರವ್ವ ಬೀಸುಕಲ್ಲಿನ ಮುಂದೆ ಹಾಡಿ ರೆಕಾರ್ಡ್ ಮಾಡಿಸಿದ್ದ ಹತ್ತೊಂಬತ್ತು ಬೀಸುವ ಪದಗಳಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

"ಇದನ್ನ ಒಮ್ಮೆ ಆರಿಸಿದ್ರ ಮತ್ತ ಏಳೂದಿಲ್ರಿ," ಎಂದು ಮಲಕಪ್ಪನವರು ಅದಕ್ಕೂ ತಮ್ಮ ಕಂಪ್ಯೂಟರಿಗೂ ಕೇಬಲ್ ಹಾಕಿದರು. ಹಳೆಯದರಲ್ಲಿ ಕೊಟ್ಟ ಕಮಾಂಡ್ ಆ ಹಾಡುಗಳನ್ನು ಒಂದೊಂದಾಗಿ ಓದಿ ಕೇಬಲ್ಲಿಗೆ ಸುರಿಯಬೇಕು, ಇಲ್ಲಿನ ಕಮಾಂಡ್ ಹಿಡಿದು ಬರೆದುಕೊಳ್ಳಬೇಕು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬರುತ್ತಿರುವುದು ಕಿವಿಗೆ ಬೀಳಲೆಂದು ಅದನ್ನೇ ಇಲ್ಲಿ ಕವಲೊಡೆಸಿ ಸ್ಪೀಕರಿಗೂ ಬಿಟ್ಟರು.

ಸಾವಂತ್ರವ್ವನ ದನಿ ಅಂಗಡಿ ತುಂಬಿತು. ಸುಲಭಕ್ಕ ಕಣ್ಣು ಮುಚ್ಚಿದರು. ನಾನು ಪರದೆ ನೋಡಿದೆ.

"ಸರ್, ಸ್ಪೀಕರ್ ತೆಗೀರಿ. ಅದು ಹಾಡೋ ಸ್ಪೀಡಲ್ಲೇ ಡೇಟಾ ಬರ್ತಿದೆ, ಹಿಂದಿರೋ ಹಾಡೆಲ್ಲ ಕಾಯ್ತಾ ಕೂತಿದೆ!"

ಮಲಕಪ್ಪನವರ ಮುಖ ಸಣ್ಣದಾಯಿತು. ಕೈ ಕೀಲಿಮಣೆಗೆ ಹೋಯಿತು.

"ಪದಾ ನಡುವ ನಿಲ್ಲಸಬ್ಯಾಡ್ರಿ," ಎಂದರು ಸುಲಭಕ್ಕ. "ಬೀಸೂವಾಗ ಅವ್ವ ಒಮ್ಮಿನೂ ನಡುವ ನಿಲ್ಲಿಸಿದಾಕಿ ಅಲ್ಲ."

"ಹೌದ್ರಿ," ಎಂದು ಅವರು ಕೈ ಹಿಂದೆ ತೆಗೆದರು. ನನಗೆ ಸಿಟ್ಟು ನೆತ್ತಿಗೇರಿತು. ಡಿಸ್ಕಿನ ಕಟಕಟ ಜೋರಾಗುತ್ತಲೇ ಇತ್ತು. ನಾಲ್ಕು ನಿಮಿಷಕ್ಕೆ ಪದ ಮುಗಿಯಿತು. ಮಲಕಪ್ಪನವರು ಸ್ಪೀಕರಿನ ಕವಲು ಕಡಿದು ಎರಡನೆಯ ಪದದಿಂದ ಮತ್ತೆ ಓಡಿಸಿದರು. ಈಗ ಒಂದರ ಬೆನ್ನಿಗೊಂದು ಸರಸರ ದಾಟಿದವು. ಹದಿನಾರನೆಯದು ದಾಟಿದ ಮೇಲೆ ಡಿಸ್ಕು ಸುಮ್ಮನಾಯಿತು. ಏನು ಮಾಡಿದರೂ ಏಳಲಿಲ್ಲ.

"ತಪ್ಪು ನಂದ್ರಿ, ಅಕ್ಕಾರ. ಸ್ಪೀಕರ್ ಹಚ್ಚಬಾರದಿತ್ತು."

ಸುಲಭಕ್ಕ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ, "ಮೈಕ್ ಅದ ಏನ್ರಿ? ಉಳಿದ ಮೂರೂ ನಾ ಅವ್ವನ ಜೋಡಿ ಕುಂತು ಹಾಡಿದ ಪದಾನ, ನಾನ ಹಾಡ್ತೀನಿ," ಎಂದರು.

ಎರಡು ಪದ ಪೂರ್ತಿ ಬಂದವು. ಮೂರನೆಯದು ಎರಡನೇ ನುಡಿಗೆ ನಿಂತಿತು. ಮೊದಲಿಂದ ಹಿಡಿದು ನೋಡಿದರು, ಮತ್ತೆ ಅಲ್ಲೇ ನಿಂತಿತು.

"ಮುಂದಿನ ನುಡಿ ಅವ್ವಾನ ಎತ್ತತಿದ್ಲು," ಎಂದರು.