ಎರಡು ಬಸ್ಸಿನ ಮಾತ್ರೆಗಳು

ಮೊನ್ನೆ ಹಳೆಯ ವ್ಯಾನಿಟಿ ಬ್ಯಾಗು ಕೊಡವಿದಾಗ ಮಾತ್ರೆಯ ಖಾಲಿ ಶೀಟೊಂದು ಬಿತ್ತು. ಶೃಂಗೇರಿಯ ಮೆಡಿಕಲ್‌ನವರು ನೆನಪಾದರು...

ಆಗ ನಾನು ಕೆರೆಕಟ್ಟೆಯಲ್ಲಿ ಅಂಗನವಾಡಿ ಟೀಚರ್. ಅಲ್ಲಿ ಔಷಧಿ ಬೇಕಾದವರು ಖಾಲಿ ಶೀಟನ್ನು ಕವರಿಗೆ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಗೆ ಮಾತ್ರೆ ಬರುತ್ತಿತ್ತು. ಗಂಡ ತೀರಿಕೊಂಡ ಮೇಲೆ ನನ್ನ ಮನಸ್ಸು ಕುಸಿದಿತ್ತು. ಶಿವಮೊಗ್ಗದ ಡಾಕ್ಟರು ಬರೆದ ಖಿನ್ನತೆಯ ಮಾತ್ರೆ ಹೀಗೇ ಶೃಂಗೇರಿಯಿಂದ ಬರುತ್ತಿತ್ತು. ಗುಣ ಕಾಣಲಿಲ್ಲವೆಂದು ಕೊಪ್ಪದ ಡಾಕ್ಟರ ಹತ್ತಿರವೂ ಹೋದೆ. ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಅವರು ಕೇಳಿದಾಗ, ಬೈದಾರೆಂದು ಇಲ್ಲವೆಂದೆ. ಅವರು ಬರೆದದ್ದನ್ನು ಗುಟ್ಟಾಗಿ ಕೊಪ್ಪದ ಬಸ್ಸಿನಲ್ಲಿ ತರಿಸಿಕೊಂಡು, ಎರಡನ್ನೂ ನುಂಗತೊಡಗಿದೆ. ಬೇಗ ಗುಣವಾಗಲೆಂಬ ಜಾಣತನ ನನ್ನದು!

ಕೆಲವೇ ದಿನಗಳಲ್ಲಿ ಕೈ ನಡುಗತೊಡಗಿತು; ಮಕ್ಕಳಿಗೆ ಬಡಿಸುವಾಗ ಸಾರು ಚೆಲ್ಲುತ್ತಿತ್ತು. ಚಳಿಯಲ್ಲೂ ಬೆವರು, ಎದೆ ಡವಡವ. ಕಾಯಿಲೆಯೇ ಹೆಚ್ಚಾಯಿತೆಂದು ಹೆದರಿ ಒಂದು ಹೊತ್ತೂ ತಪ್ಪದೆ ನುಂಗಿದೆ. ಒಂದು ದಿನ ಕೊಪ್ಪದ ಬಸ್ಸು ಕೆಟ್ಟಿತು. ಬೇರೆ ದಾರಿಯಿಲ್ಲದೆ ಎರಡೂ ಶೀಟನ್ನು ಶೃಂಗೇರಿಗೇ ಕಳಿಸಿದೆ.

ಮಾತ್ರೆ ಬರಲಿಲ್ಲ. ಮಧ್ಯಾಹ್ನದ ಬಸ್ಸಿನಿಂದ ಮೆಡಿಕಲ್‌ನವರೇ ಇಳಿದರು. ವ್ಯಾಪಾರದ ಹೊತ್ತಿನಲ್ಲಿ ಅವರು ಅಂಗಡಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

"ಟೀಚರೇ, ಎರಡೂ ಒಟ್ಟಿಗೆ ತಗೊಳ್ತಾ ಇದ್ದೀರಾ?"

ಇಲ್ಲವೆನ್ನಲು ಬಾಯಿ ತೆರೆದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ತಲೆಯಾಡಿಸಿದೆ.

"ಇದು ಕಾಯಿಲೆ ಹೆಚ್ಚಾದದ್ದಲ್ಲ ಮಾರಾಯ್ರೆ, ಎರಡು ಮಾತ್ರೆ ಸೇರಿ ಮಾಡಿದ್ದು. ಡಾಕ್ಟರು ಹೇಳೋವರೆಗೆ ಒಂದನ್ನೂ ಮುಟ್ಟಬೇಡಿ. ಜೀಪಿಗೆ ಹೇಳಿದೀನಿ, ಹೊರಡಿ."

ಹೀಗೇ ಮುಂದುವರಿದಿದ್ದರೆ ಜೀವಕ್ಕೇ ಕುತ್ತಿತ್ತು ಎಂದರು ಆಸ್ಪತ್ರೆಯಲ್ಲಿ. ಮೂರು ದಿನ ಮಲಗಿಸಿದರು. ಆಮೇಲೆ ಒಬ್ಬರೇ ಡಾಕ್ಟರು, ಒಂದೇ ಮಾತ್ರೆ. ನಿಧಾನವಾಗಿ ಗುಣವಾದೆ.

ಆದರೆ ನನ್ನ ಬುದ್ಧಿ ನೋಡಿ... ನನ್ನ ವಿಷಯ ಮೆಡಿಕಲ್‌ನವರಿಂದ ಪೇಟೆಗೆಲ್ಲ ಗೊತ್ತಾಗಿರುತ್ತದೆಂದು ನಾಚಿಕೆಪಟ್ಟು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನಿವೃತ್ತಿಯಾಗಿ ನರಸಿಂಹರಾಜಪುರದ ತಂಗಿಯ ಮನೆ ಸೇರಿದೆ.

ಮೊನ್ನೆಯಿಂದ ಮನಸ್ಸು ತಡೆಯದೆ ನಿನ್ನೆ ಶೃಂಗೇರಿಗೆ ಹೋದೆ. ಅಂಗಡಿಯಲ್ಲಿ ಬೇರೆಯವರಿದ್ದರು. ಮೆಡಿಕಲ್‌ನವರು ತೀರಿಕೊಂಡು ವರ್ಷವಾಯಿತಂತೆ. ಬದುಕಿದ್ದಾಗ ಒಂದು ಒಳ್ಳೆಯ ಮಾತು ಹೇಳಲಿಲ್ಲವಲ್ಲ ಎಂದು ತುಂಬಾ ಸಂಕಟವಾಯಿತು. ಮನೆ ಹುಡುಕಿಕೊಂಡು ಹೋದೆ. ಜಗಲಿಯಲ್ಲಿ ಅವರ ಹೆಂಡತಿ ನೆರೆಮನೆಯ ಹೆಂಗಸರ ಜೊತೆ ಕೂತಿದ್ದರು. ಕೆರೆಕಟ್ಟೆಯಲ್ಲಿ ಟೀಚರ್ ಆಗಿದ್ದೆ ಎಂದೆ.

"ಕೆರೆಕಟ್ಟೆಯಾ? ಒಂದ್ಸಲ ಅಂಗಡಿ ಮುಚ್ಚಿ ಅಲ್ಲಿಗೆ ಹೋಗಿದ್ರು. ಎಂತಕ್ಕೆ ಅಂತ ಎಷ್ಟು ಕೇಳಿದ್ರೂ ಕೊನೇವರೆಗೂ ಹೇಳ್ಲೇ ಇಲ್ಲ," ಎಂದರು.

ಎಂತಕ್ಕೆ ಎಂದು ಅಷ್ಟೂ ಜನರ ಎದುರು ನಾನೇ ಹೇಳಿದೆ.