ದೇವರ ಜಗಲಿಯ ಕೆಂಪು ಕಟ್ಟು

ನನ್ನನ್ನು ಕಟ್ಟಿಕೊಳ್ಳುವ ಮೊದಲೇ ನಮ್ಮ ಮನೆಯವರು ಪುಸ್ತಕಗಳನ್ನು ಕಟ್ಟಿಕೊಂಡಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಎಪ್ಪತ್ತರ ದಶಕದಲ್ಲಿ ಚನ್ನಗಿರಿಯಿಂದ ಜಗಳೂರಿಗೆ, ಅಲ್ಲಿಂದ ನ್ಯಾಮತಿಗೆ ವರ್ಗವಾದಾಗಲೆಲ್ಲ ಲಾರಿಗೆ ಮೊದಲು ಹತ್ತುತ್ತಿದ್ದದ್ದು ಪುಸ್ತಕದ ಗೋಣಿಚೀಲ, ಆಮೇಲೆ ಪಾತ್ರೆ ಪಡಗ, ಜಾಗ ಉಳಿದರೆ ನಾನು. ಜಗಳೂರಿನ ಬಾಡಿಗೆ ಮನೆಗೆ ಗೆದ್ದಲು ಬಂತೆಂದು ಇದ್ದ ಒಂದು ಮಂಚವನ್ನೂ ಪುಸ್ತಕಕ್ಕೆ ಬಿಟ್ಟುಕೊಟ್ಟು, ನಾವಿಬ್ಬರೂ ನೆಲಕ್ಕೆ ಚಾಪೆ ಹಾಸಿಕೊಂಡೆವು. ಬಾಯಿಗೆ ಬಂದಂತೆ ಬೈದೆ. ಬೈಸಿಕೊಂಡು ನಕ್ಕರು. ನಗುವ ಗಂಡಸಿನ ಮೇಲೆ ಎಷ್ಟು ಹೊತ್ತು ಅಂತ ಸಿಟ್ಟು ಮಾಡುವುದು?

ಅಚ್ಚಾದ ಪುಸ್ತಕ ಎಷ್ಟೇ ತಂದರೂ ಅವರ ಜೀವ ಇದ್ದದ್ದು ಓಲೆಗರಿಯಲ್ಲಿ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಸಂತೇಬೆನ್ನೂರು, ಬಸವಾಪಟ್ಟಣ ಅಂತ ಹಳೆಯ ಮನೆಗಳನ್ನು ಹುಡುಕಿಕೊಂಡು ಹೋಗುವರು. ಗರಿಗೆ ಕಾಡಿಗೆ ಸವರಿ ಒರೆಸಿದರೆ ಕೊರೆದ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ. ಅಲ್ಲೇ ಕೂತು ನಕಲು ಮಾಡಿ, ಗರಿಗಳ ಕಟ್ಟಿಗೆ ಹೊಸ ಬಟ್ಟೆ ಸುತ್ತಿ, ಇದ್ದಲ್ಲೇ ಇಟ್ಟು ಬರುವರು. ಕೊಡಿ ಅಂತ ಒಬ್ಬರನ್ನೂ ಕೇಳಿದವರಲ್ಲ. "ಅವರು ಕಾಯ್ಕೊಂಡು ಬಂದಿದ್ದಕ್ಕೇ ನನ್ನ ಕಣ್ಣಿಗೆ ಬಿತ್ತು. ಕಿತ್ಕೊಂಡು ಬರಾಕೆ ನಾನ್ಯಾರು?" ಅನ್ನುತ್ತಿದ್ದರು. ಈ ಮಾತಿಗೆ ನಾನು ಸೋತಿದ್ದೆ, ಅವರಿಗೆ ಹೇಳಿರಲಿಲ್ಲ ಅಷ್ಟೇ.

ಹನ್ನೊಂದು ವರ್ಷದಿಂದ ಅವರು ಶಿವಕಥೆಯ ಒಂದು ಹಳೆಯ ಕಾವ್ಯವನ್ನು ಅಚ್ಚಿಗೆ ಅಣಿ ಮಾಡುತ್ತಿದ್ದರು. ಸಿಕ್ಕಿದ್ದು ಮೊದಲರ್ಧ ಮಾತ್ರ. ಉಳಿದರ್ಧ ನ್ಯಾಮತಿಯ ಒಬ್ಬ ಅಜ್ಜಿಯ ಮನೆಯಲ್ಲಿ ಇರಬಹುದೆಂದು ಯಾರೋ ಹೇಳಿದರು. ಅಜ್ಜಿಯ ಒಳಮನೆಯಲ್ಲಿ, ದೇವರ ಜಗಲಿಯ ಮೇಲೆ, ಕೆಂಪು ಬಟ್ಟೆಯ ಕಟ್ಟೊಂದಿತ್ತು. ವಿಭೂತಿ ಬಳಿದೂ ಬಳಿದೂ ಬಟ್ಟೆ ಬೆಳ್ಳಗಾಗಿತ್ತು. ದಿನಾ ಹೂವೇರಿಸುತ್ತಿದ್ದ ಅಜ್ಜಿ ಒಂದು ದಿನವೂ ಅದನ್ನು ಬಿಚ್ಚಿರಲಿಲ್ಲ. ಮಕ್ಕಳಿಗೆ ಹೇಳಿಯೂ ಇಟ್ಟಿದ್ದರು: "ನನ್ನ ಮಣ್ಣಿಗೆ ಕೂರಿಸುವಾಗ ಇದನ್ನ ತೊಡೆ ಮೇಲೆ ಇಡ್ರಪ್ಪ. ನನ್ನ ಜೊತಿಗೇ ಬರ್ಲಿ."

ಇದು ಕಿವಿಗೆ ಬಿದ್ದ ಮೇಲೆ ಇವರಿಗೆ ಊಟ ಸೇರಲಿಲ್ಲ. ಒಳಮನೆಗೆ ಪರಗಂಡಸು ಹೋಗುವಂತಿಲ್ಲ, ಹಾಗಾಗಿ ನನ್ನನ್ನು ಮುಂದೆ ಬಿಟ್ಟರು. ನಾಲ್ಕು ಸೋಮವಾರ ಹೋಗಿ ಪೂಜೆಗೆ ಹೂ ಕಟ್ಟಿಕೊಟ್ಟೆ. ಐದನೆಯ ಸೋಮವಾರ ಅಜ್ಜಿ ಒಪ್ಪಿದರು.

"ಮೇಷ್ಟ್ರು ಓದ್ಲಿ ಬಿಡು ತಾಯಿ. ಆದ್ರೆ ನನಗೂ ಕೇಳಂಗೆ ಓದ್ಬೇಕು. ಇಷ್ಟು ವರ್ಷ ಪೂಜಿ ಮಾಡೀನಿ, ಒಳಗೇನೈತೆ ಅಂತ ಯಾರೂ ಹೇಳಿಲ್ಲ."

ಇವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಪಡಸಾಲೆಯಲ್ಲಿ ಕೂತರು. ಅಜ್ಜಿ ಎದುರಿಗೆ ಕೈ ಮುಗಿದುಕೊಂಡು ಕೂತರು. ಇವರು ಕಟ್ಟು ಬಿಚ್ಚಿ ಮೊದಲ ಗರಿಗೆ ಕಾಡಿಗೆ ಸವರಿದರು, ಎರಡನೆಯದಕ್ಕೆ, ಮೂರನೆಯದಕ್ಕೆ. ಇವರ ಮುಖ ಇಳಿದುಹೋಯಿತು. ನನ್ನ ಕಡೆ ಬಾಗಿ, "ಕಾವ್ಯ ಅಲ್ಲ ಕಣೇ. ದನದ ಔಷಧಿ" ಅಂದರು.

ಹನ್ನೊಂದು ವರ್ಷದ ಆಸೆ ಹಾಗೆ ಮುಗಿಯಿತು. ನನಗೆ ಇವರಿಗಿಂತ ಆ ಮುಗಿದ ಕೈಗಳನ್ನು ನೋಡಿ ಸಂಕಟವಾಯಿತು. "ಶಿವನ ಕಥೆ ಅಂತ ಹೇಳಿಬಿಡ್ರಿ. ಅರ್ಧ ಕಾವ್ಯ ನಿಮ್ಮ ಬಾಯಲ್ಲೇ ಐತೆ, ಅದನ್ನೇ ಹೇಳ್ರಿ" ಅಂತ ಪಿಸುಗುಟ್ಟಿದೆ.

"ಗರಿಯಲ್ಲಿ ಇಲ್ಲದ್ದನ್ನ ಓದ್ಲಾ?" ಅಂದವರೇ, ಕಾವ್ಯ ಓದುವ ಅದೇ ಗಂಭೀರ ದನಿಯಲ್ಲಿ, ಎತ್ತಿನ ಹೊಟ್ಟೆ ಉಬ್ಬರಕ್ಕೇನು, ಗೊರಸಿನ ಹುಣ್ಣಿಗೇನು ಅಂತ ಓದತೊಡಗಿದರು. ಇಂಥ ಸತ್ಯವಂತನನ್ನು ಕಟ್ಟಿಕೊಂಡೆನಲ್ಲ ಅಂತ ಒಳಗೊಳಗೇ ಹಲ್ಲು ಕಡಿದೆ.

ಅಜ್ಜಿಯ ಕಣ್ಣಲ್ಲಿ ನೀರು ಬಂತು. "ನಮ್ಮ ಮಾವಾರು ಮಾಡ್ತಿದ್ದ ಔಷಧಿ ಇದು. ಸುತ್ತ ಹಳ್ಳಿಯೋರು ದನ ಹೊಡ್ಕಂಡು ಬರೋರು. ಅವ್ರು ಹೋದ್ಮ್ಯಾಲೆ ದೇವರು ಅಂತ ಕಟ್ಟಿಟ್ವಿ." ಗರಿಗಳನ್ನು ಇವರ ಕಡೆ ಸರಿಸಿದರು. "ದೇವರಾದ್ರೆ ಜೊತಿಗೆ ಒಯ್ಯಾಕೆ ಬರ್ತಿತ್ತು. ಔಷಧಿ ಅಂದ್ಮ್ಯಾಲೆ ಮಣ್ಣಾಗೆ ಹಾಕಾಕೆ ಆಗ್ತೈತೇನ್ರೀ ಮೇಷ್ಟ್ರೇ? ದನ ಇರೋರಿಗೆ ಬೇಕಲ್ಲ. ತಗೊಂಡ್ಹೋಗ್ರಿ."

ಇವರು ಕೇಳದೆಯೇ ಬಂದ ಕಟ್ಟು ಅದು. ನನ್ನ ಮಾತು ಕೇಳಿದ್ದರೆ ಅದು ಮಣ್ಣು ಸೇರುತ್ತಿತ್ತು. ಹೊನ್ನಾಳಿಗೆ ವರ್ಗವಾದ ಮೇಲೆ ಅಲ್ಲಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊದಲು ಆ ಔಷಧಿಯ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಕಾವ್ಯ ಆಮೇಲೆ ಬಂತು, ಅರ್ಧವಾಗಿಯೇ. ಮುಂದಿನ ಗರಿಗಳು ಸಿಕ್ಕಿಲ್ಲ ಎಂದು ಕೊನೆಯ ಪುಟದಲ್ಲಿ ಒಂದು ಸಾಲು ಹಾಕಿದರು.

ಎಂಬತ್ತರ ದಶಕದ ನಡುವೆ ಅಜ್ಜಿ ತೀರಿಕೊಂಡರು. ಸುದ್ದಿ ಬಂದ ಕೂಡಲೇ ಇವರು ಕಪಾಟು ತೆರೆದು ಏನೋ ಜೇಬಿಗೆ ಹಾಕಿಕೊಂಡರು. ನ್ಯಾಮತಿಯಲ್ಲಿ ಮಣ್ಣು ಮಾಡಲು ಅಜ್ಜಿಯನ್ನು ಕೂರಿಸಿದ್ದರು, ತೊಡೆ ಬರಿದಾಗಿತ್ತು. ಇವರು ಮಕ್ಕಳನ್ನು ಕೇಳಿ, ಜೇಬಿನಿಂದ ತೆಗೆದದ್ದನ್ನು ಅಲ್ಲಿಟ್ಟರು. ಗರಿಗಳಿಗೆ ಹೊಸದು ಸುತ್ತಿದಾಗ ಮಡಿಸಿಟ್ಟುಕೊಂಡಿದ್ದ ಆ ಹಳೆಯ ಕೆಂಪು ಬಟ್ಟೆ. ಅಜ್ಜಿ ಹಚ್ಚಿದ ವಿಭೂತಿ ಇನ್ನೂ ಅದರಲ್ಲಿತ್ತು.