ಗೋಂದು ತೆಗೆದ ನೊರೆ

ಸ್ಪಿರಿಟ್ ಕಾರ್ಖಾನೆಯ ಅಗ್ನಿಶಾಮಕ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಉಜ್ಜಪ್ಪ ಎನ್ನುತ್ತಿದ್ದರು. ಕೈಗೆ ಸಿಕ್ಕಿದ್ದನ್ನೆಲ್ಲ ಉಜ್ಜುವವನು. ಅವನ ಹಿತ್ತಾಳೆ ನಳಿಕೆಗಳಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು. ಹೆಂಡತಿ ತೀರಿದ ಮೇಲೆ ಮಗಳು ಮತ್ತು ಅಳಿಯನ ಜೊತೆಗಿದ್ದ. ಅಳಿಯನೂ ಅದೇ ಶೆಡ್ಡಿನವನು. ಬೆಂಕಿ ಬಿದ್ದರೆ ಪೈಪು ಹಿಡಿದು ಮುಂದೆ ನಿಲ್ಲುವುದು ಅವನ ಕೆಲಸ.

ಬೆಂಕಿಯ ಮೇಲೆ ಹೊದಿಸುವ ನೊರೆಯ ದ್ರವದ ಡ್ರಮ್ಮುಗಳು ಉಜ್ಜಪ್ಪನ ವಶದಲ್ಲಿದ್ದವು. ಹೊಸದಾಗಿ ಬಂದದ್ದು ಬಹಳ ಮಂದ. ಮೇಲೆ ಕೆನೆ, ಒಳಗೆ ಲೋಳೆಲೋಳೆ ಗಂಟು.

"ಮಾವ, ಇದು ಪೈಪಲ್ಲಿ ಹೋಗುತ್ತಾ? ಇಲ್ಲ, ಬೆಂಕಿಗೆ ಚಮಚದಲ್ಲಿ ತಿನ್ನಿಸ್ಬೇಕಾ?" ಎಂದ ಅಳಿಯ.

"ಕೆಟ್ಟುಹೋಗಿದೆ ಕಣಯ್ಯ. ಸೋಸಿದ್ರೆ ಸರಿಹೋಗುತ್ತೆ."

ಮಗಳು ಹಳೆಯ ಹೊದಿಕೆಯೊಂದನ್ನು ಹರಿದು ಕೊಟ್ಟಳು. ಅವನು ಎಲ್ಲವನ್ನೂ ಸೋಸಿ, ಗಂಟುಗಳನ್ನು ಮೋರಿಗೆ ಎಸೆದು, ಕಡಿಮೆಯಾದಷ್ಟಕ್ಕೆ ನೀರು ಬೆರೆಸಿದ. ಅಭ್ಯಾಸದ ದಿನ ಅಗಲವಾದ ಕಬ್ಬಿಣದ ತಟ್ಟೆಯಲ್ಲಿ ಡೀಸೆಲ್ ಉರಿಸಿ ನೋಡಿದರು. ನೊರೆ ಉಕ್ಕಿತು, ಬೆಂಕಿ ಆರಿತು. ಮೇಲ್ವಿಚಾರಕ ಉಜ್ಜಪ್ಪನ ಬೆನ್ನು ತಟ್ಟಿದ.

ಡೀಸೆಲ್‌ಗೆ ನೊರೆಯೊಂದೇ ಸಾಕು. ಸ್ಪಿರಿಟ್ ಹಾಗಲ್ಲ, ನೊರೆಯ ನೀರನ್ನೆಲ್ಲ ಹೀರಿಕೊಂಡು ನೊರೆಯನ್ನೇ ಕರಗಿಸಿಬಿಡುತ್ತದೆ. ಅದಕ್ಕೆಂದೇ ಆ ದ್ರವಕ್ಕೆ ಸಾಬೂನಿನಂಥ ವಸ್ತುವಿನ ಜೊತೆ ಗೋಂದನ್ನೂ ಬೆರೆಸಿರುತ್ತಾರೆ. ಗೋಂದು ಸ್ಪಿರಿಟ್‌ನಲ್ಲಿ ಕರಗಲಾರದು. ಸೋಕಿದೊಡನೆ ಮೇಲ್ಮೈಯಲ್ಲಿ ತೆಳುವಾದ ಪೊರೆಯಾಗಿ ಹರಡುತ್ತದೆ, ನೊರೆ ಆ ಪೊರೆಯ ಮೇಲೆ ಉಳಿಯುತ್ತದೆ. ಉಜ್ಜಪ್ಪ ಮೋರಿಗೆ ಎಸೆದದ್ದು ಅದನ್ನೇ.

ಒಂದು ಮಧ್ಯಾಹ್ನ ಟ್ಯಾಂಕು ಸೋರಿ, ಅಂಗಳಕ್ಕೆ ಹರಿದ ಸ್ಪಿರಿಟ್ ಹೊತ್ತಿಕೊಂಡಿತು. ಅಳಿಯ ನೊರೆ ಹೊದಿಸುತ್ತ ಹೋದ. ಮುಚ್ಚಿದ ಕಡೆ ಆರಿತೆಂದು ನಂಬಿ ಇನ್ನೂ ಮುಂದೆ ಹೋದ. ಅವನ ಹಿಂದೆ ನೊರೆ ಬಿಸಿನೀರಿಗೆ ಬಿದ್ದ ಸಕ್ಕರೆಯಂತೆ ಇಳಿದುಹೋಗಿ, ಸ್ಪಿರಿಟ್ ಮತ್ತೆ ಹೊತ್ತಿಕೊಂಡಿತು. ಹಗಲಿನಲ್ಲಿ ಸ್ಪಿರಿಟ್‌ನ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ.

"ಹಿಂದಕ್ಕೆ ಬಾರೋ!" ಉಜ್ಜಪ್ಪ ಕೂಗಿದ್ದು ಪೈಪಿನ ಸದ್ದಿನಲ್ಲಿ ಕೇಳಲಿಲ್ಲ.

ಮೈ ಸುಟ್ಟ ಅಳಿಯ ಕೆಲವು ದಿನ ಆಸ್ಪತ್ರೆಯಲ್ಲಿದ್ದು ಸತ್ತ. ದ್ರವ ತಯಾರಿಸುವ ಕಡೆಯಿಂದ ಬಂದವನು ಡ್ರಮ್ಮಿಗೆ ಕೋಲದ್ದಿ ನೋಡಿ, "ಯಾರ್ರೀ ಇದರ ಗೋಂದು ತೆಗ್ದಿದ್ದು?" ಎಂದ. ಉಜ್ಜಪ್ಪ ಕೈ ಎತ್ತಿದ.

ಮನೆಗೆ ಬಂದು ಮಗಳಿಗೂ ಅವನೇ ಹೇಳಿದ.

"ಯಾವುದ್ರಲ್ಲಿ ಸೋಸ್ದೆ ಅಪ್ಪಾ?"

"ನೀನು ಕೊಟ್ಟಿದ್ಯಲ್ಲ, ಆ ಬಟ್ಟೇಲಿ."

"ಅದು ಅವರ ಹೊದಿಕೆ," ಎಂದಳು. "ಹರಿದು ಕೊಟ್ಟೋಳು ನಾನೇ."

ಇಬ್ಬರೂ ಅದೇ ಮನೆಯಲ್ಲಿದ್ದಾರೆ. ಬೇರೆ ಹೋಗಲು ಯಾರಿಗೂ ಜಾಗವಿಲ್ಲ. ಉಜ್ಜಪ್ಪ ಈಗ ಏನನ್ನೂ ಉಜ್ಜುವುದಿಲ್ಲ. ತಾನು ಉಂಡ ತಟ್ಟೆಯನ್ನು ಕೂಡ.